ಕೆಡ್ಡಸದ ಬೋಂಟೆ: ಅಜ್ಜನ ಬೆಡಿ, ಮೊಮ್ಮಗನ ಕೈ

ಮಕರ ಮಾಸದ ಇಪ್ಪತ್ತೇಳನೆಯ ದಿನ ತುಳುನಾಡಿನಲ್ಲಿ ಕೆಡ್ಡಸ ಮೊದಲಾಗುತ್ತದೆ. ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ ಅದು ಫೆಬ್ರವರಿಯ ಎರಡನೆಯ ವಾರ. ಭೂಮಿತಾಯಿ ಮುಟ್ಟಾಗುವ ದಿನಗಳಿವು ಎಂಬುದು ಜನರ ನಂಬಿಕೆ. ಮೂರು ದಿನ ಯಾರೂ ನೆಲಕ್ಕೆ ಗುದ್ದಲಿ ಹಾಕುವುದಿಲ್ಲ, ಉಳುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಕೊನೆಯ ದಿನ ಬೆಳಗಾಗುವ ಮೊದಲೇ ಮನೆಯ ಹೆಂಗಸು ತುಳಸಿಕಟ್ಟೆಯ ಬಳಿ ಅರಸಿನ, ಕುಂಕುಮ, ಬಾಚಣಿಗೆ, ಕನ್ನಡಿ ಇಟ್ಟು ನೆಲಕ್ಕೆ ಎಣ್ಣೆ ಎರೆಯುತ್ತಾಳೆ. ಹುರಿದ ಅಕ್ಕಿಯ ಹಿಟ್ಟಿಗೆ ಬೆಲ್ಲ, ತೆಂಗಿನಕಾಯಿ ಕಲಸಿದ ನನ್ನೆರಿ ಆ ದಿನದ ವಿಶೇಷ ತಿಂಡಿ.

ಇಷ್ಟನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಶಾಲಾ ಮಕ್ಕಳೂ ಬಲ್ಲರು. ಆದರೆ ಕೆಡ್ಡಸಕ್ಕೆ ಇನ್ನೊಂದು ಮುಖವಿತ್ತು. ಹಬ್ಬಕ್ಕೆ ಕೆಲವು ದಿನ ಮೊದಲು ನಲಿಕೆ ಸಮುದಾಯದವರು ಮನೆಮನೆಗೆ ಬಂದು ಕೆಡ್ಡಸ ಬರುವ ವಾರವನ್ನು ಹಾಡಿನಲ್ಲಿ ಸಾರುತ್ತಿದ್ದರು. ಏನನ್ನು ಮಾಡಬಾರದು ಎಂಬ ನಿಷೇಧಗಳ ಜತೆಗೆ ಅದರಲ್ಲಿ ಒಂದು ಕರೆಯೂ ಇತ್ತು: ಗಂಡಸರೆಲ್ಲ ಬೋಂಟೆಗೆ ಹೋಗಬೇಕು ಎಂಬ ಕರೆ. ಬೋಂಟೆ ಎಂದರೆ ತುಳುವಿನಲ್ಲಿ ಬೇಟೆ. ನೆಲಕ್ಕೆ ರಜೆ, ನೇಗಿಲಿಗೆ ರಜೆ. ಗದ್ದೆಯ ಕೆಲಸವಿಲ್ಲದ ಆ ದಿನಗಳಲ್ಲಿ ಊರು ಒಟ್ಟಾಗಿ ಕಾಡಿಗೆ ಹೊರಡುತ್ತಿತ್ತು. ಹುಡುಗನೊಬ್ಬ ಮೊದಲ ಸಲ ಹಿರಿಯರ ಹಿಂದೆ ಬೇಟೆಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಇಂಥ ದಿನವೇ.

ಇಂದು ಆ ಕರೆಗೆ ಓಗೊಟ್ಟು ಕಾಡಿಗೆ ಹೋದವನು ಹಬ್ಬ ಮುಗಿಸಿ ಮನೆಗೆ ಬರುವ ಬದಲು ಠಾಣೆಗೆ ಹೋಗಬೇಕಾದೀತು. ಅಜ್ಜನಿಗೆ ಕಟ್ಟಳೆಯಾಗಿದ್ದದ್ದು ಮೊಮ್ಮಗನಿಗೆ ಅಪರಾಧವಾದದ್ದು ಹೇಗೆ? ಕಾನೂನು ಬಂದ ಮೇಲೂ ಕೆಲವು ಯುವಕರು ಕಾಡಿಗೆ ಹೋಗುತ್ತಾರಲ್ಲ, ಅವರು ಮುಂದುವರಿಸುತ್ತಿರುವುದು ಅಜ್ಜನ ವಿದ್ಯೆಯನ್ನೇ?

ಊರ ಬೇಟೆಯ ಕ್ರಮ

ಈ ಸೀಮೆಯ ನೆಲದ ರಚನೆಯನ್ನು ಮೊದಲು ನೆನಪಿಸಿಕೊಳ್ಳಬೇಕು. ಇಲ್ಲಿ ಊರು ಒಂದು ಕಡೆ, ಕಾಡು ಇನ್ನೊಂದು ಕಡೆ ಎಂಬ ಗೆರೆ ಇಲ್ಲ. ಎರಡು ಗುಡ್ಡಗಳ ನಡುವೆ ಗದ್ದೆಯ ಪಟ್ಟಿ, ಅದರ ಅಂಚಿಗೆ ಅಡಿಕೆ ತೋಟ, ತೋಟದ ಮೇಲೆ ಮನೆ, ಮನೆಯ ಹಿಂದೆ ಗುಡ್ಡ. ವರ್ಗ ಜಮೀನಿನ ಅಂಚಿನಿಂದ ನೂರು ಗಜದವರೆಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆ, ಮೇವು ತರುವ ‘ಕುಮ್ಕಿ’ ಸವಲತ್ತು ದಕ್ಷಿಣ ಕನ್ನಡದ ಕೃಷಿಕನಿಗೆ ಹಿಂದಿನಿಂದಲೂ ಇದೆ. ಹಂದಿ, ಮೊಲ, ಮುಳ್ಳುಹಂದಿ, ಬರಿಂಕ, ಕಾಡುಕೋಳಿಗಳು ಇದ್ದದ್ದು ಈ ಕುಮ್ಕಿ, ಹಾಡಿ, ಕಾನಗಳಲ್ಲೇ. ಬೇಟೆಗೆ ಘಟ್ಟ ಹತ್ತಬೇಕಾಗಿರಲಿಲ್ಲ. ಮನೆಯ ಹಿತ್ತಿಲಿನಿಂದಲೇ ಅದು ಮೊದಲಾಗುತ್ತಿತ್ತು. ಬೆಳ್ತಂಗಡಿಯ ಪೂರ್ವದ ಅಂಚಿನಲ್ಲಿ, ಚಾರ್ಮಾಡಿ, ದಿಡುಪೆ, ಕುತ್ಲೂರು ಕಡೆಯಲ್ಲಿ ಮಾತ್ರ ಊರು ನೇರವಾಗಿ ಪಶ್ಚಿಮ ಘಟ್ಟದ ದೊಡ್ಡ ಕಾಡಿಗೆ ತಾಗುತ್ತದೆ.

ಊರ ಬೇಟೆ ಹೆಚ್ಚಾಗಿ ಸೋವಿನ ಬೇಟೆ. ಒಂದು ತಂಡ ಕಾಡಿನ ಒಂದು ಬದಿಯಿಂದ ಬೊಬ್ಬೆ ಹಾಕುತ್ತ, ಪೊದೆ ಬಡಿಯುತ್ತ, ನಾಯಿಗಳನ್ನು ಬಿಡುತ್ತ ಪ್ರಾಣಿಯನ್ನು ಎಬ್ಬಿಸುತ್ತದೆ. ಎದುರು ಬದಿಯಲ್ಲಿ, ಪ್ರಾಣಿ ಹಾಯುವ ಕಂಡಿಗಳಲ್ಲಿ, ಕೋವಿಯವರು ಸದ್ದಿಲ್ಲದೆ ಕಾಯುತ್ತಾರೆ. ಕೋವಿ ಬರುವ ಮೊದಲು ಆ ಜಾಗದಲ್ಲಿ ಈಟಿ, ಬಿಲ್ಲು, ಬಲೆಗಳು ಇದ್ದವು. ಬೇಟೆಯ ಎಲ್ಲ ಜಾಣ್ಮೆಯೂ ಕಂಡಿಯನ್ನು ಗುರುತಿಸುವುದರಲ್ಲಿತ್ತು. ಯಾವ ಗುಡ್ಡ ಎಬ್ಬಿಸಿದರೆ ಹಂದಿ ಯಾವ ತೋಡಿಗೆ ಇಳಿಯುತ್ತದೆ, ಗಾಳಿ ಯಾವ ಕಡೆ ಇದ್ದರೆ ಯಾವ ಕಂಡಿ ವ್ಯರ್ಥ ಎಂಬುದು ಪುಸ್ತಕದಲ್ಲಿ ಸಿಗುವ ವಿದ್ಯೆಯಲ್ಲ. ಅದೇ ಗುಡ್ಡಕ್ಕೆ ಹತ್ತಾರು ವರ್ಷ ಹೋದವನಿಗಷ್ಟೇ ಅದು ಗೊತ್ತು.

ಹುಡುಗನಿಗೆ ಈ ವಿದ್ಯೆ ಬರುತ್ತಿದ್ದದ್ದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಅವನ ಪಾಲಿಗೆ ಬೊಬ್ಬೆ ಹಾಕುವ ಕೆಲಸ. ಆಮೇಲೆ ನಾಯಿ ಹಿಡಿಯುವುದು. ಅದರ ಜತೆಗೇ ಹೆಜ್ಜೆ ಓದುವುದು: ಕೆಸರಿನಲ್ಲಿ ಮುಂದಿನ ಎರಡು ಗೊರಸಿನ ಹಿಂದೆ ಸಣ್ಣ ಗೊರಸುಗಳ ಗುರುತೂ ಅಗಲವಾಗಿ ಮೂಡಿದ್ದರೆ ಹಂದಿ, ಮಣ್ಣು ಉತ್ತಂತೆ ಬುಡಮೇಲಾಗಿದ್ದರೆ ರಾತ್ರಿ ಅದು ಗೆಡ್ಡೆ ಹುಡುಕಿದೆ, ಮರದ ಬುಡಕ್ಕೆ ಕೆಸರು ಮೆತ್ತಿದ್ದರೆ ಅಲ್ಲಿ ಮೈ ಉಜ್ಜಿದೆ. ಕಂಡಿಯಲ್ಲಿ ಹಿರಿಯರ ಪಕ್ಕದಲ್ಲಿ ಕೂರುವ ಅವಕಾಶ ಸಿಗಲು ವರ್ಷಗಳು ಹಿಡಿಯುತ್ತಿದ್ದವು. ಕೋವಿ ಕೈಗೆ ಬರುತ್ತಿದ್ದದ್ದು ಎಲ್ಲಕ್ಕಿಂತ ಕೊನೆಗೆ. ಆಗಲೂ ಎರಡು ಮಾತು ಕಡ್ಡಾಯ: ಪ್ರಾಣಿಯನ್ನು ಪೂರ್ತಿ ಕಾಣದೆ ಈಡು ಬಿಡಬಾರದು, ಕರೆ ಬರುವವರೆಗೆ ಕೂತ ಜಾಗ ಬಿಟ್ಟು ಕದಲಬಾರದು. ಈ ಎರಡು ನಿಯಮಗಳು ಪ್ರಾಣಿಯನ್ನು ಉಳಿಸಲು ಹುಟ್ಟಿದವಲ್ಲ. ಸೋವಲು ಬರುವ ಸ್ವಂತ ಅಣ್ಣತಮ್ಮಂದಿರನ್ನು ಉಳಿಸಲು ಹುಟ್ಟಿದವು.

ಮಾಂಸ ಹಂಚುವುದಕ್ಕೂ ಲೆಕ್ಕವಿತ್ತು. ವಿವರ ಊರಿಂದ ಊರಿಗೆ ಬೇರೆಯಾದರೂ ತಿರುಳು ಒಂದೇ: ಈಡು ಹೊಡೆದವನಿಗೆ ಒಂದು ಹೆಚ್ಚಿನ ಪಾಲು, ನಾಯಿಗೂ ಒಂದು ಪಾಲು, ಬಂದವರಿಗೆಲ್ಲ ಉಳಿದ ಪಾಲು. ಬೇಟೆಯಾಡಿದ್ದನ್ನು ಒಬ್ಬನೇ ಮನೆಗೆ ಒಯ್ಯುವುದು ಮರ್ಯಾದೆಯಾಗಿರಲಿಲ್ಲ.

ಆದರೆ ಈ ಚಿತ್ರಕ್ಕೆ ಬಂಗಾರದ ಬಣ್ಣ ಹಚ್ಚಬೇಕಾಗಿಲ್ಲ. ಊರ ಬೇಟೆಯಲ್ಲಿ ಊರಿನ ಮೇಲುಕೀಳೂ ಇತ್ತು. ಕಂಡಿಯಲ್ಲಿ ಕೋವಿ ಹಿಡಿದು ಕೂರುವವರು ಗುತ್ತು, ಬೀಡುಗಳ ಯಜಮಾನರು, ಭೂಮಿ ಇದ್ದವರು. ಮುಳ್ಳಿನಲ್ಲಿ ನುಗ್ಗಿ ಪ್ರಾಣಿ ಎಬ್ಬಿಸುವವರು ಅವರ ಒಕ್ಕಲುಗಳು, ಕೂಲಿಯಾಳುಗಳು, ದಲಿತ ಸಮುದಾಯದವರು. ಗಾಯಗೊಂಡ ಹಂದಿ ತಿರುಗಿಬಿದ್ದರೆ ಮೊದಲು ಸಿಗುತ್ತಿದ್ದವರೂ ಅವರೇ. ಹೀಗಾಗಿ ಬೇಟೆಯ ಬಳುವಳಿ ಎರಡಾಗಿ ಸೀಳಿತ್ತು: ಕೋವಿ ಒಂದು ಮನೆಯಲ್ಲಿ ತಂದೆಯಿಂದ ಮಗನಿಗೆ ಬರುತ್ತಿತ್ತು, ಕಾಡಿನ ಜ್ಞಾನ ಇನ್ನೊಂದು ಮನೆಯಲ್ಲಿ ಬರುತ್ತಿತ್ತು. 1974ರ ಭೂಸುಧಾರಣೆಯ ಬಳಿಕ ದಕ್ಷಿಣ ಕನ್ನಡದ ಗೇಣಿದಾರರು ಭೂಮಿಯ ಒಡೆಯರಾದಾಗ, ಯಜಮಾನ ಕರೆದ ಕೂಡಲೇ ಕಾಡು ಸೋವಲು ಹೋಗಬೇಕಾದ ಹಂಗು ತಪ್ಪಿತು. ದೊಡ್ಡ ಬೇಟೆಗಳು ಕ್ಷೀಣಿಸಲು ಅರಣ್ಯ ಇಲಾಖೆಯಷ್ಟೇ ಈ ಬದಲಾವಣೆಯೂ ಕಾರಣವಿದ್ದೀತು.

ಹಂದಿಯನ್ನು ಕೊಲ್ಲುವವರೂ ಪೂಜಿಸುವವರೂ

ತುಳುವರ ಮೌಖಿಕ ಸಾಹಿತ್ಯದಲ್ಲಿ ಬೇಟೆಯ ಜಾಗ ದೊಡ್ಡದು. ಕೋಟಿ ಚೆನ್ನಯರ ಕಥೆಯ ಕೊನೆಯ ಭಾಗ ತಿರುಗುವುದು ಒಂದು ಹಂದಿ ಬೇಟೆಯ ಸುತ್ತ. ಎಣ್ಮೂರಿನಲ್ಲಿ ಆಶ್ರಯ ಪಡೆದಿದ್ದ ಅವಳಿ ವೀರರು ಕೊಂದ ಹಂದಿ ಯಾರಿಗೆ ಸೇರಬೇಕೆಂಬ ಜಗಳ ಪಂಜದವರೊಡನೆ ಯುದ್ಧವಾಗಿ ಬೆಳೆಯಿತು. ವೀರರ ಸಾವಿನೊಂದಿಗೆ ಮುಗಿಯಿತು. ಬೇಟೆ ಬರೀ ಮಾಂಸದ ಮಾತಲ್ಲ, ಗಡಿಯ ಮಾತು, ಹಕ್ಕಿನ ಮಾತು ಎಂಬುದನ್ನು ಈ ಕಥೆ ಹೇಳುತ್ತದೆ. ಮುಗೇರ ಸಮುದಾಯದ ಆರಾಧ್ಯರಾದ ಮುಗೇರ್ಲು ಎಂಬ ವೀರರ ಪಾಡ್ದನದಲ್ಲೂ ಬೇಟೆಗೆ ಮುಖ್ಯ ಸ್ಥಾನವಿದೆ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಪಂಜುರ್ಲಿಯದು. ತುಳುವಿನಲ್ಲಿ ಪಂಜಿ ಎಂದರೆ ಹಂದಿ. ಪಾಡ್ದನಗಳಲ್ಲಿ ಬರುವ ಒಂದು ಕಥೆಯಂತೆ, ಕೈಲಾಸದ ತೋಟವನ್ನು ಹಾಳುಗೆಡವಿದ ಹಂದಿಯನ್ನು ಶಿವ ಭೂಮಿಗೆ ಕಳುಹಿಸಿದ. ಅದೇ ಪಂಜುರ್ಲಿ ದೈವವಾಗಿ ನೆಲೆಸಿತು. ಬೆಳೆಗೆ ಎಲ್ಲಕ್ಕಿಂತ ದೊಡ್ಡ ಶತ್ರುವಾದ ಪ್ರಾಣಿಯನ್ನೇ ಬೆಳೆ ಕಾಯುವ ದೈವವಾಗಿ ನಂಬಿ ಕೋಲ ಕೊಟ್ಟವರು, ಕೆಡ್ಡಸದ ದಿನ ಅದೇ ಹಂದಿಯ ಹಿಂದೆ ನಾಯಿ ಬಿಟ್ಟರು. ಇಂದಿನ ಓದುಗರಿಗೆ ಇದು ವಿರೋಧಾಭಾಸವಾಗಿ ಕಾಣಬಹುದು. ಅವರಿಗೆ ಹಾಗೆ ಕಾಣಲಿಲ್ಲ. ಹಂದಿಯ ಕುಲ ಅಳಿಯಬೇಕೆಂದು ಯಾರೂ ಬಯಸಿರಲಿಲ್ಲ; ಅದು ತನ್ನ ಗಡಿಯಲ್ಲಿರಬೇಕೆಂದು ಮಾತ್ರ ಬಯಸಿದ್ದರು.

ಇದೇ ನೆಲದಲ್ಲಿ ಬೇಟೆಯನ್ನು ಒಪ್ಪದ ಬಲವಾದ ಪರಂಪರೆಯೂ ಇತ್ತೆಂಬುದನ್ನು ಮರೆಯಬಾರದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಲ್ಲಿ ನಿರ್ಮಾಣಗೊಂಡಿತು. ವೇಣೂರಿನಲ್ಲಿ ಅಜಿಲ ಅರಸ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. ಚೌಟ, ಬಂಗ, ಅಜಿಲ ಮೊದಲಾದ ಈ ಸೀಮೆಯ ಅರಸು ಮನೆತನಗಳು ಜೈನರದು. ಅಹಿಂಸೆ ಪರಮಧರ್ಮವೆನ್ನುವ ಬಸದಿಯ ಗಂಟೆ ಕೇಳಿಸುವಷ್ಟು ದೂರದಲ್ಲೇ ಬೋಂಟೆಯ ಬೊಬ್ಬೆಯೂ ಏಳುತ್ತಿತ್ತು. ಮಾಂಸ ಮುಟ್ಟದ ಮನೆಯೂ ಬೇಟೆಗೆ ಹೋಗುವ ಮನೆಯೂ ಒಂದೇ ಗುಡ್ಡದ ಎರಡು ಮಗ್ಗುಲಲ್ಲಿ ಬಾಳಿದವು. ಆದ್ದರಿಂದ ಬೇಟೆಯೇ ತುಳುನಾಡಿನ ಸಂಸ್ಕೃತಿ ಎಂದು ಸಾರುವುದೂ, ಅದು ಈ ನೆಲಕ್ಕೆ ಸಲ್ಲದ ಅನಾಚಾರವೆನ್ನುವುದೂ ಎರಡೂ ಅರ್ಧ ಸತ್ಯ.

ಬೆಡಿ ಬಂದ ಮೇಲೆ

ತುಳುವಿನಲ್ಲಿ ಕೋವಿಗೆ ಬೆಡಿ ಎನ್ನುತ್ತಾರೆ. ಹಳ್ಳಿಯ ಕೃಷಿಕನ ಬೆಡಿ ಬಹುತೇಕ ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮಸಿ ತುಂಬಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೇಪು ಇಟ್ಟರೆ ಒಂದು ಈಡು ಸಿದ್ಧ. ಆ ಒಂದು ಈಡು ತಪ್ಪಿದರೆ ಎರಡನೆಯದು ತುಂಬುವಷ್ಟರಲ್ಲಿ ಹಂದಿ ಪಕ್ಕದ ಗ್ರಾಮದಲ್ಲಿರುತ್ತದೆ. ಬೇಟೆಗಾರನ ಸಂಯಮದಲ್ಲಿ ಅರ್ಧ ಪಾಲು ಈ ಕೋವಿಯದೇ ಆಗಿತ್ತು.

1878ರ ಶಸ್ತ್ರಾಸ್ತ್ರ ಕಾಯಿದೆಯೊಂದಿಗೆ ಕೋವಿಗೆ ಪರವಾನಗಿ ಬೇಕಾಯಿತು. ಘಟ್ಟದ ಮೇಲಿನ ಕೊಡಗಿಗೆ 1861ರಲ್ಲೇ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಸಿಕ್ಕಿತ್ತು. ಹಾಗಾಗಿ ಅಲ್ಲಿ ಕೋವಿ ಮನೆತನದ ಗುರುತಾಗಿ, ಕೈಲ್‌ಪೊಳ್ದ್ ಹಬ್ಬದ ಪೂಜೆಯ ವಸ್ತುವಾಗಿ ಉಳಿಯಿತು. ಕೆಳಗಿನ ದಕ್ಷಿಣ ಕನ್ನಡದಲ್ಲಿ ಅದು ಬೆಳೆ ರಕ್ಷಣೆಯ ಸಾಧನವಾಗಿ, ಸರ್ಕಾರದ ಕಾಗದದ ಮೇಲೆ ಉಳಿಯಿತು. ಇಂದಿಗೂ ಇಲ್ಲಿನ ಬಹಳಷ್ಟು ಪರವಾನಗಿಗಳು ಬೆಳೆ ರಕ್ಷಣೆಗೆಂದು ಪಡೆದವು. ಚುನಾವಣೆ ಘೋಷಣೆಯಾದಾಗಲೆಲ್ಲ ಕೃಷಿಕರು ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಅದೇ ತಿಂಗಳುಗಳಲ್ಲಿ ಹಂದಿ, ಮಂಗಗಳು ತೋಟ ನುಗ್ಗಿದವೆಂಬ ದೂರು ಪತ್ರಿಕೆಗಳಲ್ಲಿ ಪ್ರತಿ ಸಲವೂ ಬರುತ್ತದೆ.

ಕೋವಿ ತಲೆಮಾರಿನಿಂದ ತಲೆಮಾರಿಗೆ ದಾಟಲು ಕಾನೂನಿನಲ್ಲಿ ದಾರಿಯಿದೆ. ಪರವಾನಗಿದಾರನಿಗೆ 70 ವರ್ಷ ತುಂಬಿದ್ದರೆ, ಇಲ್ಲವೆ ಕೋವಿ ಅವನ ಬಳಿ 25 ವರ್ಷದಿಂದ ಇದ್ದರೆ, ಅದನ್ನು ವಾರಸುದಾರನ ಹೆಸರಿಗೆ ಕೇಳಲು 2016ರ ಶಸ್ತ್ರಾಸ್ತ್ರ ನಿಯಮಗಳು ಅವಕಾಶ ಕೊಡುತ್ತವೆ. ವಾರಸುದಾರನಿಗೆ 21 ವರ್ಷ ತುಂಬಿರಬೇಕು, ಅಧಿಕಾರಿಗಳು ಒಪ್ಪಬೇಕು. ಅಂದರೆ ಅಜ್ಜನ ಬೆಡಿ ಮೊಮ್ಮಗನ ಕೈಗೆ ಬರಬಹುದು. ಆದರೆ ಅಜ್ಜ ಅದರಿಂದ ಮಾಡುತ್ತಿದ್ದ ಕೆಲಸ ಮಾತ್ರ ಬರುವಂತಿಲ್ಲ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಒಂದೇ ಏಟಿಗೆ ನಿಲ್ಲಿಸಲಿಲ್ಲ ಎಂಬುದು ಹಲವರಿಗೆ ತಿಳಿಯದು. ಮೂಲ ಕಾಯಿದೆಯಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಬೇರೆ ಬೇರೆ ಪರವಾನಗಿಗಳಿಗೆ ಅವಕಾಶವಿತ್ತು. 1991ರ ತಿದ್ದುಪಡಿ ಆ ಅಧ್ಯಾಯವನ್ನು ಮುಚ್ಚಿತು. ಹವ್ಯಾಸಕ್ಕಾಗಿ ಇಲ್ಲವೆ ಮಾಂಸಕ್ಕಾಗಿ ಬೇಟೆಯಾಡುವ ದಾರಿ ಪೂರ್ತಿ ಬಂದಾದದ್ದು ಆಗ.

ಕಾಯಿದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥವೂ ವಿಶಾಲ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಳು ಇಡುವುದು, ವಿಷ ಹಾಕುವುದು, ಆಮಿಷ ಒಡ್ಡುವುದು, ಕೊಲ್ಲಲು ಇಲ್ಲವೆ ಹಿಡಿಯಲೆಂದು ಸೋವುವುದು, ಇದಕ್ಕೆಲ್ಲ ಪ್ರಯತ್ನಿಸುವುದು ಕೂಡ ಬೇಟೆಯೇ. ಹಕ್ಕಿಯ ಮೊಟ್ಟೆ ಒಡೆಯುವುದೂ ಅದರಲ್ಲಿ ಸೇರಿದೆ. ಅಂದರೆ ಕೋವಿ ಮುಟ್ಟದೆ ಬರೀ ಬೊಬ್ಬೆ ಹಾಕಲು ಹೋದ ಹುಡುಗನೂ ಕಾನೂನಿನ ಕಣ್ಣಿಗೆ ಬೇಟೆಗಾರ. ಹಿಂದಿನವರು ಮೊದಲ ಮೆಟ್ಟಿಲೆಂದು ತಿಳಿದದ್ದೇ ಇಂದು ಮೊದಲ ಅಪರಾಧ.

2022ರ ತಿದ್ದುಪಡಿ ಅನುಸೂಚಿಗಳನ್ನು ಹೊಸದಾಗಿ ಜೋಡಿಸಿ, ದಂಡವನ್ನೂ ಏರಿಸಿತು. ಕಾಡುಹಂದಿ ಈಗ ಎರಡನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದರೆ ಮೂರು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಚಿರತೆ, ಕಾಡುಕೋಣ, ಚಿಪ್ಪುಹಂದಿ, ಬರಿಂಕಗಳಂಥ ಮೊದಲ ಅನುಸೂಚಿಯ ಪ್ರಾಣಿಗಳಾದರೆ ಮೂರರಿಂದ ಏಳು ವರ್ಷ ಸೆರೆ. ಅಲ್ಲಿ ಸೆರೆ ತಪ್ಪುವುದಿಲ್ಲ.

ಬುಡಕಟ್ಟು ಜನರಿಗೆ ವಿನಾಯಿತಿ ಇದೆಯೇ? ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ಬುಡದಲ್ಲಿ ಮಲೆಕುಡಿಯರ ಮನೆಗಳಿವೆ. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗೂ ಕೆಲವು ಉಳಿದಿವೆ. ಕಾಡಿನ ವಾಸಿಗಳ ಭೂಮಿ, ಜೇನು, ಕಿರು ಉತ್ಪನ್ನಗಳ ಮೇಲಿನ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯಿದೆ ಒಪ್ಪಿತು. ಆದರೆ ಸಾಂಪ್ರದಾಯಿಕ ಹಕ್ಕುಗಳನ್ನು ಹೇಳುವ ಕಲಮಿನಲ್ಲೇ ಬೇಟೆಯ ಹಕ್ಕನ್ನು ಹೆಸರಿಸಿ ಹೊರಗಿಟ್ಟಿತು. ಕಾಡಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಬಲ್ಲವರಿಗೂ ಈ ಬಾಗಿಲು ತೆರೆದಿಲ್ಲ.

ಹಳೆಯ ಮನೆಗಳ ಚಾವಡಿಯಲ್ಲಿ ತೂಗುವ ಕೊಂಬುಗಳ ಪಾಡೂ ಹೀಗೆಯೇ. 2003ರಲ್ಲಿ ಇಂಥ ವಸ್ತುಗಳನ್ನು ಘೋಷಿಸಿಕೊಳ್ಳಲು 180 ದಿನಗಳ ಅವಕಾಶ ಕೊಡಲಾಗಿತ್ತು. ಹಲವು ಮನೆಗಳಿಗೆ ಆ ಸುದ್ದಿ ಮುಟ್ಟಲಿಲ್ಲ. 2023ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಹುಲಿಯುಗುರಿನ ಪದಕಗಳ ಪ್ರಕರಣ ಸದ್ದು ಮಾಡಿದಾಗ, ಮುತ್ತಜ್ಜನ ಕಾಲದ್ದೆಂದು ಹೆಮ್ಮೆಯಿಂದ ಇಟ್ಟುಕೊಂಡದ್ದು ಮೊಮ್ಮಕ್ಕಳಿಗೆ ತಲೆನೋವಾಯಿತು.

ಇಂದು ಕಾಡಿಗೆ ಹೋಗುವವರು

ಇಷ್ಟಾದರೂ ಬೇಟೆ ನಿಂತಿಲ್ಲ. ಆದರೆ ಅದರ ರೂಪ ಬೇರೆಯಾಗಿದೆ. ಹಗಲಿನ ಊರ ಬೇಟೆಯ ಜಾಗಕ್ಕೆ ರಾತ್ರಿಯ ಗುಟ್ಟಿನ ಬೇಟೆ ಬಂದಿದೆ. ತಲೆಗೆ ಕಟ್ಟಿದ ಪ್ರಖರ ಬ್ಯಾಟರಿ ದೀಪದಲ್ಲಿ ಕಣ್ಣಿನ ಹೊಳಪು ನೋಡಿ ಈಡು ಬಿಡುವುದು. ರಸ್ತೆಯಲ್ಲಿ ಜೀಪು ನಿಲ್ಲಿಸಿ ಹೊಡೆಯುವುದು. ಬೈಕಿನ ಕ್ಲಚ್ ತಂತಿಯ ಉರುಳು. ಆಹಾರದಲ್ಲಿ ಅಡಗಿಸಿದ ಸಿಡಿಮದ್ದು. ಬೇಲಿಗೆ ನೇರ ವಿದ್ಯುತ್. ಇವುಗಳಲ್ಲಿ ಯಾವುದಕ್ಕೂ ಹೆಜ್ಜೆ ಓದುವ ವಿದ್ಯೆ ಬೇಕಾಗಿಲ್ಲ, ಹಿರಿಯರೂ ಬೇಕಾಗಿಲ್ಲ.

ಪರಿಣಾಮ ಎದುರಿಗೇ ಇದೆ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಸಿಕ್ಕಿ ನರಳಿದ ಸುದ್ದಿ ಕರಾವಳಿಯ ಪತ್ರಿಕೆಗಳಿಗೆ ಹೊಸದಲ್ಲ. ಉರುಳಿಗೆ ಕಣ್ಣಿಲ್ಲ, ಅದು ಗಬ್ಬದ ಪ್ರಾಣಿಯನ್ನೂ ಬಿಡುವುದಿಲ್ಲ, ಊರ ನಾಯಿಯನ್ನೂ ಬಿಡುವುದಿಲ್ಲ. ಅಕ್ರಮ ವಿದ್ಯುತ್ ಬೇಲಿಗೆ ಬೆಳಗ್ಗೆ ಸೊಪ್ಪಿಗೆ ಹೋದ ಮನುಷ್ಯರೇ ಬಲಿಯಾದದ್ದುಂಟು. ಪೊದೆ ಅಲುಗಿದ್ದನ್ನು ಹಂದಿಯೆಂದು ತಿಳಿದು ಬಿಟ್ಟ ಈಡಿಗೆ ಜತೆಗಾರನೇ ಸತ್ತ ಪ್ರಕರಣಗಳೂ ಮಲೆನಾಡು, ಕರಾವಳಿಗಳಲ್ಲಿ ಮರುಕಳಿಸುತ್ತವೆ. ಪೂರ್ತಿ ಕಾಣದೆ ಈಡು ಬಿಡಬಾರದು, ಕೂತ ಜಾಗ ಬಿಟ್ಟು ಕದಲಬಾರದು ಎಂಬ ಆ ಎರಡು ಹಳೆಯ ಮಾತುಗಳನ್ನು ಇಲ್ಲಿ ನೆನೆಯಬೇಕು. ಕೋವಿ ಉಳಿದು ಕಟ್ಟಳೆ ಅಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಡ. ಇಂದಿನ ಗುಟ್ಟಿನ ಬೇಟೆಗಾರ ಅಜ್ಜನ ವಾರಸುದಾರನಲ್ಲ. ಅಜ್ಜ ಅವನನ್ನು ತನ್ನ ಕಂಡಿಯ ಪಕ್ಕದಲ್ಲೂ ಕೂರಿಸುತ್ತಿರಲಿಲ್ಲ.

ಕೃಷಿಕನ ಸಂಕಟ

ಹಾಗೆಂದು ಕೃಷಿಕನನ್ನು ಬೈದು ಮುಗಿಸುವುದು ನ್ಯಾಯವಲ್ಲ. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಭತ್ತದ ಗದ್ದೆಗಳು ಹಡಿಲು ಬಿದ್ದಿವೆ. ಹಡಿಲು ಗದ್ದೆಯಲ್ಲಿ ಪೊದೆ ಬೆಳೆದಿದೆ. ರಬ್ಬರು ತೋಟಗಳು, ಕಡಿಯದೆ ಬಿಟ್ಟ ಗುಡ್ಡಗಳು ಹಂದಿಗೆ ಹಗಲು ಅಡಗಲು ಹೇಳಿ ಮಾಡಿಸಿದ ಜಾಗ. ಒಂದು ಹೆಣ್ಣು ಹಂದಿ ಒಂದೇ ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಉಳಿದ ಕೆಲವೇ ಗದ್ದೆಗಳ ಮೇಲೆ ಹಿಂಡು ಒಂದು ರಾತ್ರಿ ಇಳಿದರೆ ನಾಲ್ಕು ತಿಂಗಳ ದುಡಿಮೆ ಬೆಳಗಾಗುವಷ್ಟರಲ್ಲಿ ಮಣ್ಣು. ಪರಿಹಾರಕ್ಕೆ ಅರ್ಜಿ, ಫೋಟೋ, ಪಹಣಿ, ಅಲೆದಾಟ. ಹಂದಿಯ ಕಾಟ ತಾಳಲಾರದೆ ಇನ್ನೊಬ್ಬ ಗದ್ದೆ ಬಿಡುತ್ತಾನೆ. ಬಿಟ್ಟ ಗದ್ದೆ ಹಂದಿಗೆ ಇನ್ನೊಂದು ಮನೆಯಾಗುತ್ತದೆ.

ಕಾನೂನಿನಲ್ಲೇ ಇದಕ್ಕೆ ಎರಡು ಸಣ್ಣ ಕಿಂಡಿಗಳಿವೆ. ಮನುಷ್ಯರಿಗೋ ಬೆಳೆಗೋ ಅಪಾಯವಾದ ಎರಡನೆಯ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರಹದಲ್ಲಿ ಅನುಮತಿ ನೀಡಬಹುದು. ಕೇಂದ್ರ ಸರ್ಕಾರ ಒಂದು ಪ್ರಾಣಿಯನ್ನು ನಿರ್ದಿಷ್ಟ ಪ್ರದೇಶದಲ್ಲಿ, ನಿರ್ದಿಷ್ಟ ಕಾಲಕ್ಕೆ ಪೀಡಕವೆಂದು ಘೋಷಿಸಲೂಬಹುದು. 2016ರಲ್ಲಿ ಉತ್ತರಾಖಂಡದ ಕೆಲವು ಭಾಗಗಳಲ್ಲಿ ಕಾಡುಹಂದಿಗೆ ಹೀಗಾಯಿತು. ನೆರೆಯ ಕೇರಳ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೂ ಪುರಸಭಾಧ್ಯಕ್ಷರಿಗೂ ಹಂದಿ ಹೊಡೆಯಲು ಅನುಮತಿ ನೀಡುವ ಅಧಿಕಾರ ಕೊಟ್ಟಿತು. ಅಲ್ಲಿ ಪರವಾನಗಿ ಕೋವಿಯವರು ಹೊಡೆದ ಹಂದಿಯನ್ನು ಹೂಳಬೇಕು, ತಿನ್ನುವಂತಿಲ್ಲ. ಅಂದರೆ ಅದು ಬೇಟೆಯಲ್ಲ, ಬೆಳೆ ರಕ್ಷಣೆ ಮಾತ್ರ.

ಹೊರ ದೇಶಗಳ ಕ್ರಮ ಬೇರೆ. ಜರ್ಮನಿಯಲ್ಲಿ ಬೇಟೆಗೆ ಹೋಗುವವನು ಪ್ರಾಣಿಶಾಸ್ತ್ರ, ಕಾನೂನು, ಕೋವಿಯ ಸುರಕ್ಷತೆ, ಮಾಂಸದ ಆರೋಗ್ಯ ಇವೆಲ್ಲದರಲ್ಲಿ ಕಠಿಣ ಪರೀಕ್ಷೆ ಪಾಸಾಗಬೇಕು. ಆದರೂ ಅಲ್ಲಿ ಪರವಾನಗಿದಾರರ ಸಂಖ್ಯೆ ಈಗ 4 ಲಕ್ಷ ದಾಟಿದೆ. ಅಮೆರಿಕದಲ್ಲಿ ತದ್ವಿರುದ್ಧ: 1991ರಲ್ಲಿ 1 ಕೋಟಿ 41 ಲಕ್ಷದಷ್ಟಿದ್ದ ಬೇಟೆಗಾರರು 2016ರಲ್ಲಿ 1 ಕೋಟಿ 15 ಲಕ್ಷಕ್ಕಿಳಿದರು. ಅಲ್ಲಿ 1937ರಿಂದ ಕೋವಿ, ಗುಂಡುಗಳ ಮೇಲಿನ ತೆರಿಗೆಯ ಹಣ ವನ್ಯಜೀವಿ ರಕ್ಷಣೆಗೆ ಹೋಗುವುದರಿಂದ, ಬೇಟೆಗೆ ಹೊಸಬರು ಬರುತ್ತಿಲ್ಲವೆಂದು ಸರ್ಕಾರಗಳೇ ಚಿಂತಿಸಿ ಯುವಕರಿಗೆ ತರಬೇತಿ ಕೊಡುತ್ತವೆ. ನಮ್ಮ ಕಾಡಿನ ತುಂಡುತುಂಡು ಸ್ಥಿತಿಗೂ ಜನಸಂಖ್ಯೆಗೂ ಆ ಮಾದರಿ ಹೊಂದಲಾರದು. ಆದರೂ ಅಲ್ಲಿಂದ ಒಂದು ಮಾತು ಕಲಿಯಬಹುದು: ಕೋವಿ ಕೊಡುವ ಮೊದಲು ಕಲಿಸಬೇಕು. ಇದು ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ಮಾತೇ.

ಉಳಿಸಿಕೊಳ್ಳಬಹುದಾದದ್ದು

ಇಲ್ಲಿ ಕಂಬಳದ ನೆನಪು ಬರುವುದು ಸಹಜ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳಕ್ಕೆ ತಡೆ ಬಂತು. 2017ರಲ್ಲಿ ರಾಜ್ಯ ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ ಚೆನ್ನಯರ ಹೆಸರಿನ ಕರೆಯಲ್ಲಿ ಇಂದೂ ಕೋಣಗಳು ಓಡುತ್ತವೆ. ‘ಕಂಬಳ ಉಳಿಯಿತಲ್ಲ, ಬೋಂಟೆ ಏಕೆ ಬೇಡ?’ ಎಂದು ಕೇಳುವ ಯುವಕರಿದ್ದಾರೆ. ವ್ಯತ್ಯಾಸ ಸರಳ. ಕಂಬಳ ಹಿಂಸೆಯನ್ನು ಕಡಿಮೆ ಮಾಡಿಕೊಂಡೂ ಕಂಬಳವಾಗಿ ಉಳಿಯಬಲ್ಲದು. ಓಟ ಮುಗಿದ ಮೇಲೆ ಕೋಣ ಹಟ್ಟಿಗೆ ಮರಳುತ್ತದೆ. ಬೇಟೆಯ ಪ್ರಾಣಿ ಮರಳುವುದಿಲ್ಲ. ಅಲ್ಲದೆ ಕೋಣವನ್ನು ಸಾಕಿದವನು ಮನುಷ್ಯ. ಬರಿಂಕವನ್ನು ಯಾರೂ ಸಾಕಿಲ್ಲ.

ಬೇಟೆಯ ಸಾವಿನ ಭಾಗವನ್ನು ಬಿಟ್ಟರೆ ಉಳಿದ ಜ್ಞಾನ ಮಾತ್ರ ಬಿಡಬೇಕಾದ್ದಲ್ಲ. ಮೊದಲ ಮಳೆಗೆ ತೋಡು ಹತ್ತಿ ಬರುವ ಉಬೆರ್ ಮೀನು ಹಿಡಿಯಲು ದೀಪ ಹಿಡಿದು ಹೋಗುವ ಹುಡುಗರಲ್ಲಿ ನೀರಿನ ಜಾಡು ಓದುವ ವಿದ್ಯೆ ಇನ್ನೂ ಇದೆ. ಅದರಲ್ಲೂ ಮೊಟ್ಟೆಯಿಡಲು ಬಂದ ಮೀನನ್ನೆಲ್ಲ ಬಾಚಬಾರದೆಂಬ ಮಿತಿಯನ್ನು ಹಿರಿಯರು ಹೇಳಿಕೊಡಬೇಕು. ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಗಳು ‘ಬೇಟೆಯ ನೆನಪುಗಳು’ ಬರೆದು ಆ ಕಾಲದ ಕಾಡನ್ನು ಕನ್ನಡಕ್ಕೆ ಕೊಟ್ಟರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ಹೊರತಂದ ಆರು ಸಂಪುಟಗಳ ‘ತುಳು ನಿಘಂಟು’ ತುಳುವಿನ ಪದಗಳನ್ನು ಕೂಡಿಟ್ಟಿದೆ. 2022ರ ‘ಕಾಂತಾರ’ ಚಿತ್ರ ಪಂಜುರ್ಲಿ, ಹಂದಿ ಬೇಟೆ, ಅರಣ್ಯಾಧಿಕಾರಿ ಮೂವರನ್ನೂ ಒಂದೇ ಪರದೆಯ ಮೇಲೆ ತಂದು ಹೊಸ ತಲೆಮಾರಿನಲ್ಲಿ ಕುತೂಹಲ ಹುಟ್ಟಿಸಿತು. ಆದರೆ ಪುಸ್ತಕ, ನಿಘಂಟು, ಸಿನಿಮಾ ಯಾವುದೂ ಒಂದು ಗುಡ್ಡದ ಕಂಡಿ ಎಲ್ಲಿದೆ ಎಂದು ಹೇಳಲಾರವು. ಅದನ್ನು ಬಲ್ಲವರು ಎಂಬತ್ತರ ಅಂಚಿನಲ್ಲಿದ್ದಾರೆ.

ಆ ಜ್ಞಾನಕ್ಕೆ ಇಂದು ಬೆಲೆಯಿಲ್ಲವೆಂದಲ್ಲ. ಕಾಡಿನಲ್ಲಿ ಕ್ಯಾಮೆರಾ ಕಟ್ಟಿ ಚಿರತೆ ಎಣಿಸುವವರಿಗೆ ಮೊದಲು ಬೇಕಾದ್ದು ಪ್ರಾಣಿ ಹಾಯುವ ಕಂಡಿ ಯಾವುದೆಂಬ ತಿಳಿವಳಿಕೆ. ಗದ್ದೆಗೆ ಬೇಲಿ ಹಾಕುವವನಿಗೆ ಬೇಕಾದ್ದೂ ಅದೇ: ಹಂದಿ ಎಲ್ಲಿಂದ ಇಳಿಯುತ್ತದೆ? ಅಜ್ಜ ಅಲ್ಲಿ ಕೋವಿ ಇಟ್ಟ. ಮೊಮ್ಮಗ ಅಲ್ಲಿ ಕ್ಯಾಮೆರಾ ಇಡಬಹುದು, ಬೇಲಿಯನ್ನು ಗಟ್ಟಿ ಮಾಡಬಹುದು, ಇಲ್ಲವೆ ಸುಮ್ಮನೆ ಕೂತು ನೋಡಬಹುದು. ಕೂರುವ ಜಾಗ ಒಂದೇ. ಆ ಜಾಗ ತೋರಿಸುವ ಅಜ್ಜ ಇರುವಾಗಲೇ ಹೋಗಿ ಕೇಳಬೇಕು.

ಮುಂದಿನ ಕೆಡ್ಡಸಕ್ಕೆ ಬೇಟೆಗಾರ ಅಜ್ಜನಿರುವ ಮನೆಯ ಹುಡುಗರು ಇಷ್ಟು ಮಾಡಿದರೆ ಸಾಕು. ನನ್ನೆರಿ ತಿಂದು, ಅಜ್ಜನನ್ನು ಕೈಹಿಡಿದು ಹಿತ್ತಿಲ ಗುಡ್ಡದ ಬುಡದವರೆಗೆ ಕರೆದೊಯ್ಯಲಿ. ಹಂದಿ ಎಲ್ಲಿಂದ ಬರುತ್ತಿತ್ತು ಎಂದು ಕೇಳಲಿ. ಬೆಡಿ ಮನೆಯಲ್ಲೇ ಇರಲಿ. ಹೇಗೂ ಆ ಮೂರು ದಿನ ಹಸಿ ಗಿಡವನ್ನೂ ಕಡಿಯಬಾರದೆಂದು ಹೇಳಿದವರು ಅದೇ ಹಿರಿಯರು.